ವಾಸನೆಯ ದಾರಿಯಲ್ಲಿ ಹೊಸ ನರಕೋಶಗಳು: ಒಂದಲ್ಲ, ಎರಡು ಜಾಗ

ಈ ಪಾಠದಲ್ಲಿ ಗೊಂದಲ ಆಗುವುದು ಒಂದೇ ಕಡೆ. ವಾಸನೆಗೆ ಸಂಬಂಧಿಸಿದ ಹೊಸ ನರಕೋಶಗಳು ಎರಡು ಬೇರೆ ಬೇರೆ ಜಾಗಗಳಲ್ಲಿ ಹುಟ್ಟುತ್ತವೆ. ಅವೆರಡನ್ನೂ ಒಂದೇ ಅಂದುಕೊಂಡರೆ ಮುಂದಿನದೆಲ್ಲ ತಲೆಕೆಳಗು.

ಮೊದಲನೆಯ ಜಾಗ ಮೂಗಿನ ಮೇಲ್ಭಾಗದ ಒಳಪೊರೆ. ವಾಸನೆ ಹಿಡಿಯುವ ನರಕೋಶಗಳು ಇಲ್ಲಿ ಹೊರಗಿನ ಗಾಳಿಗೆ ತೆರೆದುಕೊಂಡೇ ಇರುತ್ತವೆ. ಧೂಳು, ಸೋಂಕು ಎಲ್ಲದರ ಪೆಟ್ಟೂ ಅವಕ್ಕೇ. ಹಾಗಾಗಿ ಹಳೆಯವು ಸಾಯುತ್ತಲೇ ಇರುತ್ತವೆ. ಕೆಳಪದರದ ಬೇಸಲ್ ಕೋಶಗಳು ಬದಲಿ ಕೋಶಗಳನ್ನು ಕೊಡುತ್ತಲೇ ಇರುತ್ತವೆ. ಇದು ಸುಲಭ, ಅಲ್ವಾ?

ಎರಡನೆಯದು ಮಿದುಳಿನ ಒಳಗೆ. ನನಗೆ ಇದೇ ಹೆಚ್ಚು ಇಷ್ಟ. ಬೆಳೆದು ದೊಡ್ಡದಾದ ಪ್ರಾಣಿಯ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, 1960ರ ದಶಕದಲ್ಲಿ, ವಿಜ್ಞಾನಿ ಜೋಸೆಫ್ ಆಲ್ಟ್‌ಮನ್ ಇಲಿಗಳಲ್ಲಿ ಅವನ್ನು ಕಂಡರು. ಮಿದುಳಿನ ನಡುವೆ ದ್ರವ ತುಂಬಿದ ಕುಹರಗಳಿವೆ. ಅವುಗಳ ಗೋಡೆಯಲ್ಲಿ ಮರಿಕೋಶಗಳು ಹುಟ್ಟುತ್ತವೆ. ಸಾಲುಗಟ್ಟಿ, ಕೆಲವು ಮಿಲಿಮೀಟರ್ ಮುಂದಕ್ಕೆ ತೆವಳಿ ಆಲ್ಫ್ಯಾಕ್ಟರಿ ಬಲ್ಬ್ ಸೇರುತ್ತವೆ. ಮೂಗಿನ ಸುದ್ದಿ ಮಿದುಳಿನಲ್ಲಿ ಮೊದಲು ಇಳಿಯುವ ಜಾಗ ಅದೇ.

ಅಲ್ಲಿ ಅವು ಮಾಡುವ ಕೆಲಸ ಏನು? ಹೊಸ ಕೋಶ ಬಂತು ಅಂದರೆ ಸುದ್ದಿ ಜೋರಾಗುತ್ತದೆ ಅನ್ನಿಸುತ್ತದೆ. ನಡೆಯುವುದು ಉಲ್ಟಾ. ಬಹುಪಾಲು ಮರಿಕೋಶಗಳು ಗ್ರ್ಯಾನ್ಯೂಲ್ ಕೋಶಗಳಾಗುತ್ತವೆ. ಇವಕ್ಕೆ ಆಕ್ಸಾನ್, ಅಂದರೆ ಸುದ್ದಿಯನ್ನು ದೂರಕ್ಕೆ ಒಯ್ಯುವ ಉದ್ದನೆಯ ಎಳೆ, ಇಲ್ಲ. ಸುದ್ದಿಯನ್ನು ಮುಂದೆ ಒಯ್ಯುವುದು ಮೈಟ್ರಲ್ ಕೋಶಗಳು. ಗ್ರ್ಯಾನ್ಯೂಲ್ ಕೋಶಗಳು ಅವನ್ನು ಸುಮ್ಮನಾಗಿಸುತ್ತವೆ. ಜಾಜಿ, ಮಲ್ಲಿಗೆ ಎರಡನ್ನೂ ಕಣ್ಣುಮುಚ್ಚಿ ಮೂಸಿ ನೋಡಿ. ಹತ್ತಿರದ ವಾಸನೆಗಳು ಎಚ್ಚರಿಸುವ ಮೈಟ್ರಲ್ ಕೋಶಗಳಲ್ಲಿ ಎಷ್ಟೋ ಒಂದೇ ಆಗಿರುತ್ತವೆ. ಕೆಲವನ್ನು ಸುಮ್ಮನಾಗಿಸಿದರೆ ತಾನೇ ವ್ಯತ್ಯಾಸ ಎದ್ದು ಕಾಣುವುದು?

2012ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ತಂಡ ಇದನ್ನು ಚೆಂದವಾಗಿ ತೋರಿಸಿತು. ಇಲಿಗಳು ವಾಸನೆ ಗುರುತಿಸಲು ಕಲಿಯುವಾಗ, ಬೆಳಕು ಬಿದ್ದರೆ ಚುರುಕಾಗುವಂತೆ ಮೊದಲೇ ಮಾರ್ಪಡಿಸಿದ್ದ ಈ ಹೊಸ ಕೋಶಗಳನ್ನು ಮಾತ್ರ ಸೆಕೆಂಡಿಗೆ 40 ಬಾರಿ ಬೆಳಕು ಹಾಯಿಸಿ ಚುರುಕುಗೊಳಿಸಿದರು. ಬೇರ್ಪಡಿಸಲು ಕಷ್ಟವಾದ ವಾಸನೆಗಳ ಜೋಡಿಗಳನ್ನು ಇಲಿಗಳು ಬೇಗ ಕಲಿತವು. ಸುಲಭದ ಜೋಡಿಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಇಲಿ ಹುಟ್ಟಿದ ಹೊಸತರಲ್ಲೇ ಬಂದಿದ್ದ ಹಳೆಯ ಗ್ರ್ಯಾನ್ಯೂಲ್ ಕೋಶಗಳಿಗೆ ಬೆಳಕು ಹಾಯಿಸಿದರೆ ಲಾಭವೇ ಆಗಲಿಲ್ಲ. ಅಂದರೆ ಕೋಶದ ಜಾತಿಯಷ್ಟೇ ಅಲ್ಲ, ಅದರ ಎಳೆತನವೂ ಮುಖ್ಯ. ಈ ಎಳೆಯ ಕೋಶಗಳ ಉಳಿವಿಗೂ ವಾಸನೆ ಬೇಕು: ಹೊಸ ಹೊಸ ವಾಸನೆಗಳ ನಡುವೆ ಬೆಳೆಸಿದ ಇಲಿಗಳಲ್ಲಿ ಅವು ಜಾಸ್ತಿ ಉಳಿಯುತ್ತವೆ, ಮೂಗಿನ ಹೊಳ್ಳೆ ಮುಚ್ಚಿದರೆ ಕಡಿಮೆ.

ಈಗ ಮನುಷ್ಯರ ಮಾತು. ಅಣುಬಾಂಬ್ ಪರೀಕ್ಷೆಗಳಿಂದ 1950–60ರ ದಶಕಗಳಲ್ಲಿ ಗಾಳಿಯಲ್ಲಿ ಇಂಗಾಲ-14 (ಇಂಗಾಲದ ವಿಕಿರಣಶೀಲ ರೂಪ) ಏರಿತ್ತು. ಕೋಶ ಹುಟ್ಟುವಾಗ ಗಾಳಿಯಲ್ಲಿ ಅದು ಎಷ್ಟಿತ್ತೋ ಆ ಗುರುತು ಕೋಶದ ಡಿಎನ್‌ಎಯಲ್ಲೂ ಉಳಿಯುತ್ತದೆ. ಅದನ್ನು ಅಳೆದರೆ ಕೋಶ ಯಾವಾಗ ಹುಟ್ಟಿತು ಎಂದು ತಿಳಿಯಬಹುದು. 2012ರಲ್ಲಿ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ಹೀಗೆ ಅಳೆದಾಗ, ನಮ್ಮ ಬಲ್ಬ್‌ನ ನರಕೋಶಗಳಿಗೆ ಹೆಚ್ಚುಕಡಿಮೆ ನಮ್ಮಷ್ಟೇ ವಯಸ್ಸು ಎಂದು ಗೊತ್ತಾಯಿತು. ಮರಿಕೋಶಗಳ ಸಾಲು ಹಸುಗೂಸುಗಳಲ್ಲಿ ಕಂಡಿದೆ, ಆಮೇಲೆ ಅದು ತೀರಾ ಕ್ಷೀಣಿಸುತ್ತದೆ. ಹಾಗಾಗಿ ಬಲ್ಬ್‌ನ ಬಗ್ಗೆ ಬರೆಯುವಾಗ ಯಾವ ಪ್ರಾಣಿ ಎಂದು ತಪ್ಪದೆ ಹೇಳಿ. ವಯಸ್ಕ ಮನುಷ್ಯರ ಬಗ್ಗೆ ಪ್ರಶ್ನೆ ಬಂದರೆ, ಮೊದಲು ಮೂಗಿನ ಒಳಪೊರೆಯನ್ನು ನೆನಪಿಸಿಕೊಳ್ಳಿ.