ಕರಗಿ ಕೂಡುವ ಟ್ಯಾಂಕು

ಮೈಸೂರಿನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳೂ ಚನ್ನಪಟ್ಟಣದ ಮರದ ಬೊಂಬೆಗಳೂ ಮೇಲಿನ ಹಂತಗಳಲ್ಲಿ ಕುಳಿತರೆ, ಕೆಳಗೆ ನೆಲದ ಮೇಲೆ ಮಕ್ಕಳು ಕಟ್ಟುವ ಬೆಟ್ಟ, ಉದ್ಯಾನ, ರಸ್ತೆಗಳ ರಾಜ್ಯವಿರುತ್ತದೆ. ಎರಡು ವರ್ಷಗಳ ಹಿಂದೆ ನನ್ನ ಅಣ್ಣನ ಮಗಳು ಆ ರಸ್ತೆಯ ಮೇಲೆ ತಾನೇ ಜೋಡಿಸಿದ ಪ್ಲಾಸ್ಟಿಕ್ ಟ್ಯಾಂಕೊಂದನ್ನು ನಿಲ್ಲಿಸಿದಳು. 1971ರ ಯುದ್ಧದಲ್ಲಿ ನಮ್ಮ ಸೇನೆಯೂ ಬಳಸಿದ ಟಿ-55 ಟ್ಯಾಂಕನ್ನು 35 ಪಟ್ಟು ಕುಗ್ಗಿಸಿದ ಮಾದರಿ ಅದು. ಹಬ್ಬದ ಮೂರನೆಯ ದಿನ ಅದರ ಫಿರಂಗಿಯ ನಳಿಗೆ ಉದ್ದಕ್ಕೂ ಸೀಳಿ ಎರಡು ಹೋಳಾಯಿತು. ಗಾಲಿಗಳು ಒಂದೊಂದಾಗಿ ಕಳಚಿದವು. ಗೊಂಬೆ ನೋಡಲು ಬಂದವರೆಲ್ಲ ಗೋಂದು ಚೆನ್ನಾಗಿಲ್ಲ, ಇನ್ನೂ ಗಟ್ಟಿಯಾದದ್ದನ್ನು ದಪ್ಪವಾಗಿ ಹಚ್ಚಬೇಕಿತ್ತು ಎಂದರು. ಅವಳು ಹಚ್ಚಿದ್ದು ಬಡಗಿಗಳು ಬಳಸುವ ಬಿಳಿ ಗೋಂದು. ಮರಕ್ಕೆ ಅದು ಬಹಳ ಒಳ್ಳೆಯದು. ಆದರೆ ಇಂಥ ಮಾದರಿಯ ಭಾಗಗಳನ್ನು ಗೋಂದಿನಿಂದ ಅಂಟಿಸುವುದೇ ಇಲ್ಲ. ಅವುಗಳನ್ನು ಕರಗಿಸಿ ಕೂಡಿಸಬೇಕು.

ಈ ಮಾತಿಗೆ ಸಾಕ್ಷಿ ಅದೇ ಗೊಂಬೆಗಳ ನಡುವೆಯೇ ಇತ್ತು. ಥರ್ಮೋಕೋಲಿನಲ್ಲಿ ಬೆಟ್ಟ ಕೊರೆದು ಅದಕ್ಕೆ ಡಬ್ಬಿಯ ಸ್ಪ್ರೇ ಬಣ್ಣ ಹೊಡೆದ ಮಕ್ಕಳಿಗೆಲ್ಲ ಗೊತ್ತು: ಬಣ್ಣ ತಾಕಿದ ಕಡೆ ಬೆಟ್ಟ ಕುಸಿದು ಗುಳಿ ಬೀಳುತ್ತದೆ. ನಮ್ಮಲ್ಲಿ ಇದನ್ನು 'ಸುಟ್ಟುಹೋಯಿತು' ಎನ್ನುತ್ತಾರೆ, ಆದರೆ ಅಲ್ಲಿ ಏನೂ ಸುಡುವುದಿಲ್ಲ. ಥರ್ಮೋಕೋಲ್ ಎಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್. ಅದರ ಗಾತ್ರದ ನೂರಕ್ಕೆ ಸುಮಾರು 98 ಪಾಲು ಗಾಳಿಯೇ. ಬಣ್ಣದೊಳಗಿನ ದ್ರಾವಕ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ಗಾಳಿ ಹೊರಟುಹೋಗುತ್ತದೆ, ಉಳಿದದ್ದು ಅಂಟಂಟಾದ ಚಿಕ್ಕ ಮುದ್ದೆ. ಟ್ಯಾಂಕಿನ ಭಾಗಗಳೂ ಇದೇ ಪಾಲಿಸ್ಟೈರೀನಿನವು, ಉಬ್ಬಿಸದೆ ಅಚ್ಚಿಗೆ ಒತ್ತಿದವು. ಹಬ್ಬದ ಬೆಟ್ಟವನ್ನು ಕೆಡಿಸಿದ ಗುಣವೇ ಟ್ಯಾಂಕನ್ನು ಕಟ್ಟುತ್ತದೆ.

ನಮ್ಮ ಭಾಷೆಯಲ್ಲಿ ಬೆಣ್ಣೆ ಬಿಸಿಗೆ ಕರಗುತ್ತದೆ, ಸಕ್ಕರೆ ನೀರಿನಲ್ಲಿ ಕರಗುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ. ಶಾಲೆಯ ವಿಜ್ಞಾನದಲ್ಲಿ ಇವೆರಡನ್ನೂ ಬಿಡಿಸಿ, ಒಂದು ದ್ರವೀಕರಣ, ಇನ್ನೊಂದು ವಿಲೀನಗೊಳ್ಳುವುದು ಎಂದು ಕಲಿಸುತ್ತೇವೆ. ಬೆಣ್ಣೆ, ಸಕ್ಕರೆಗಳ ಮಟ್ಟಿಗೆ ಅದು ಸರಿಯೇ. ಆದರೆ ಪಾಲಿಸ್ಟೈರೀನಿನ ವಿಷಯದಲ್ಲಿ ನಮ್ಮ ಅಜ್ಜಿಯರ ಒಂದೇ 'ಕರಗು' ಪಠ್ಯಪುಸ್ತಕದ ಎರಡು ಪದಗಳಿಗಿಂತ ಸತ್ಯಕ್ಕೆ ಹತ್ತಿರವಾಗಿದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಈ ಪ್ಲಾಸ್ಟಿಕ್ಕಿನ ಮೇಲೆ ಶಾಖವೂ ದ್ರಾವಕವೂ ಮಾಡುವುದು ಒಂದೇ ಕೆಲಸ.

ಪಾಲಿಸ್ಟೈರೀನಿನ ಒಂದು ಅಣು ಉದ್ದನೆಯ ಸರಪಳಿ. ಸಾಮಾನ್ಯ ದರ್ಜೆಯ ಪ್ಲಾಸ್ಟಿಕ್ಕಿನಲ್ಲಿ ಒಂದೊಂದು ಸರಪಳಿಗೆ ಸುಮಾರು 2 ಸಾವಿರ ಸ್ಟೈರೀನ್ ಕೊಂಡಿಗಳಿರುತ್ತವೆ. ಇವು ಸಾಲಾಗಿ ನಿಲ್ಲದೆ ಒಂದರೊಳಗೊಂದು ತೊಡರಿಕೊಂಡಿರುತ್ತವೆ. ಆಗತಾನೇ ಒತ್ತಿ ತಟ್ಟೆಗೆ ಹಾಕಿದ ಒತ್ತುಶಾವಿಗೆಯನ್ನು ನೆನೆಯಿರಿ: ಒಂದು ಎಳೆ ಎಳೆದರೆ ಹತ್ತು ಎಳೆ ಜೊತೆಗೆ ಬರುತ್ತವೆ. ಪ್ಲಾಸ್ಟಿಕ್ಕಿನ ಗಟ್ಟಿತನ ಬರುವುದೇ ಈ ತೊಡಕಿನಿಂದ. ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಎಳೆಗಳು ಇದ್ದಲ್ಲಿಯೇ ಹೆಪ್ಪುಗಟ್ಟಿ ಗಾಜಿನಂತೆ ಬಿರುಸಾಗಿರುತ್ತವೆ. ಅದಕ್ಕಿಂತ ಮೇಲೆ ಮಿಸುಕಾಡತೊಡಗುತ್ತವೆ. ದ್ರಾವಕದ ಚಿಕ್ಕ ಅಣುಗಳು ಎಳೆಗಳ ನಡುವೆ ನುಗ್ಗಿ ಜಾಗ ಮಾಡಿಕೊಟ್ಟಾಗ ಆ 100 ಡಿಗ್ರಿಯ ಗಡಿ ಇಳಿಯುತ್ತ ಬಂದು, ಸಾಕಷ್ಟು ದ್ರಾವಕ ಸೇರಿದ ಮೇಲೆ ನಮ್ಮ ಕೋಣೆಯ ಉಷ್ಣತೆಗಿಂತಲೂ ಕೆಳಗೆ ಹೋಗುತ್ತದೆ. ಆಗ ಪ್ಲಾಸ್ಟಿಕ್ಕಿಗೆ ಒಲೆಯ ಮೇಲೆ ಕುಳಿತ ಅನುಭವ, ಒಲೆಯಿಲ್ಲದೆ.

ಇದನ್ನು ಮಂಡ್ಯದ ಕಡೆಯ ಯಾವ ಅಡುಗೆಮನೆಯಲ್ಲಿಯೂ ಕಾಣಬಹುದು. ಬಿಸಿ ಬಿಸಿಯಾದ ಎರಡು ರಾಗಿ ಮುದ್ದೆಗಳನ್ನು ಒಂದಕ್ಕೊಂದು ತಾಗಿಸಿಟ್ಟರೆ ಕೂಡಿಕೊಂಡು ಒಂದೇ ಆಗುತ್ತವೆ. ಆರಿ ಮೇಲೆ ಸಿಪ್ಪೆಗಟ್ಟಿದ ತಂಗಳು ಮುದ್ದೆಗಳನ್ನು ಎಷ್ಟು ಒತ್ತಿದರೂ ನಡುವಿನ ಗೆರೆ ಉಳಿಯುತ್ತದೆ. ಆದರೆ ಅವುಗಳ ಮೈಗೆ ಬಿಸಿನೀರು ಸವರಿ ಮಿದ್ದರೆ ಮತ್ತೆ ಕೂಡುತ್ತವೆ. ಬಿಳಿ ಗೋಂದು ಹಾಕಿದ ಟ್ಯಾಂಕು ಎರಡು ತಂಗಳು ಮುದ್ದೆಗಳ ನಡುವೆ ಮೇಣ ಸವರಿದಂತೆ. ಮೇಣ ಒಳಗೆ ಇಳಿಯುವುದಿಲ್ಲ, ಹಾಗೆಯೇ ಎದ್ದುಬರುತ್ತದೆ. ಮರದಲ್ಲಾದರೆ ಗೋಂದಿನ ನೀರು ನಾರುಗಳೊಳಗೆ ಇಳಿದು ಬೇರೂರುತ್ತದೆ. ಪಾಲಿಸ್ಟೈರೀನಿನಲ್ಲಿ ನೀರಿಗೆ ಪ್ರವೇಶವಿಲ್ಲ. ಏಕೆಂದರೆ ಅಣುಗಳು ಪರಸ್ಪರ ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂಬುದಕ್ಕೆ ರಸಾಯನಶಾಸ್ತ್ರಜ್ಞರು ಒಂದು ಅಂಕವನ್ನು ಇಟ್ಟುಕೊಂಡಿದ್ದಾರೆ: ಪಾಲಿಸ್ಟೈರೀನಿಗೆ ಅದು ಸುಮಾರು 18.5, ಇಂಥ ಮಾದರಿಗಳನ್ನು ಕೂಡಿಸಲು ಬಳಸುವ, 'ಸಿಮೆಂಟು' ಎಂದೇ ಕರೆಯುವ ದ್ರಾವಕದಲ್ಲಿರುವ ಬ್ಯುಟೈಲ್ ಅಸಿಟೇಟಿಗೆ 17.4, ನೀರಿಗೆ ಸುಮಾರು 48. ಅಂಕಗಳು ಹತ್ತಿರವಿದ್ದವು ಬೆರೆಯುತ್ತವೆ. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಹಿಂಡಿದಾಗ ಚಿಮ್ಮುವ ಎಣ್ಣೆಯಲ್ಲಿರುವ ಲಿಮೊನೀನ್ ಕೂಡ ಈ ಸಾಲಿಗೆ ಸೇರಿದ್ದು. ಕಿತ್ತಳೆಯ ವಾಸನೆಯ ಸಿಮೆಂಟುಗಳು ಸಿಗುವುದು ಅದೇ ಕಾರಣಕ್ಕೆ.

ಉದ್ದನೆಯ ಅಣು ಎಂಬ ಈ ಕಲ್ಪನೆಯೇ ಸುಲಭಕ್ಕೆ ದಕ್ಕಿದ್ದಲ್ಲ. 1839ರಲ್ಲಿ ಬರ್ಲಿನ್ನಿನ ಔಷಧಿಕಾರ ಎಡ್ವರ್ಡ್ ಸೈಮನ್ ಸ್ಟೋರಾಕ್ಸ್ ಎಂಬ ಮರದ ಅಂಟನ್ನು ಬಟ್ಟಿ ಇಳಿಸಿ ಎಣ್ಣೆಯಂಥ ದ್ರವವೊಂದನ್ನು, ಅಂದರೆ ಸ್ಟೈರೀನನ್ನು, ಪಡೆದ. ಇಟ್ಟಲ್ಲಿಯೇ ಅದು ಲೋಳೆಯಾಗಿ ಗಟ್ಟಿಯಾದಾಗ ಗಾಳಿಯ ಆಮ್ಲಜನಕ ಸೇರಿ ಹೀಗಾಯಿತೆಂದು ಭಾವಿಸಿದ. 1845ರಲ್ಲಿ ರಸಾಯನಶಾಸ್ತ್ರಜ್ಞರಾದ ಬ್ಲೈತ್ ಮತ್ತು ಹಾಫ್‌ಮನ್ ಆಮ್ಲಜನಕವಿಲ್ಲದೆಯೂ ಹಾಗಾಗುತ್ತದೆಂದು ತೋರಿಸಿದರು. ಆದರೂ ಗಟ್ಟಿಯಾದದ್ದು ಏನೆಂಬುದು ತಿಳಿಯಲು 1920ರವರೆಗೆ ಕಾಯಬೇಕಾಯಿತು. ಆ ವರ್ಷ ಜರ್ಮನ್ ರಸಾಯನಶಾಸ್ತ್ರಜ್ಞ ಹರ್ಮನ್ ಸ್ಟಾಡಿಂಗರ್ ಇದು ಸಾವಿರಾರು ಘಟಕಗಳು ಒಂದೇ ಎಳೆಯಾಗಿ ಪೋಣಿಸಿಕೊಂಡ ದೈತ್ಯಾಣು ಎಂದಾಗ, ಅದು ಚಿಕ್ಕ ಅಣುಗಳ ಗುಂಪು ಮಾತ್ರ ಎಂದು ನಂಬಿದ್ದ ಸಮಕಾಲೀನರು ಒಪ್ಪಲಿಲ್ಲ. ಅವನಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1953ರಲ್ಲಿ.

ಎಳೆಗಳಿವೆ ಎಂದು ಗೊತ್ತಾದ ಮೇಲೂ, ಇಷ್ಟು ತೊಡರಿದ ಎಳೆಗಳು ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವುದು ಹೇಗೆಂಬ ಪ್ರಶ್ನೆ ಉಳಿಯಿತು. ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ಜನಸಂದಣಿಯಲ್ಲಿ ಕೈ ಕೈ ಹಿಡಿದು ಸಾಗುವ ಕುಟುಂಬವೊಂದನ್ನು ನೋಡಿ. ಎಡಕ್ಕಾಗಲಿ ಬಲಕ್ಕಾಗಲಿ ಸರಿಯಲು ಜಾಗವಿಲ್ಲ. ಮುಂದಿರುವ ಚಿಕ್ಕಪ್ಪ ಸಂದಿ ಹುಡುಕಿ ಒಂದು ಹೆಜ್ಜೆ ಇಟ್ಟರೆ ಹಿಂದಿನವರೆಲ್ಲ ಅವನ ಹಾದಿಯಲ್ಲಿಯೇ ಒಂದೊಂದು ಹೆಜ್ಜೆ ಸಾಗುತ್ತಾರೆ. ಕೊನೆಯಲ್ಲಿರುವ ಅಜ್ಜಿ ಹಿಂದಕ್ಕೆ ಎಳೆದರೆ ಎಲ್ಲರೂ ಹಿಂದಕ್ಕೆ. ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್-ಜಿಲ್ ದ ಜೆನ್ 1971ರಲ್ಲಿ ಹೇಳಿದ್ದು ಇದನ್ನೇ: ಸರಪಳಿ ತನ್ನ ಉದ್ದಕ್ಕೆ ತಾನೇ ಹಾವಿನಂತೆ ಹರಿದಾಡುತ್ತದೆ. ಕುಟುಂಬ ದೊಡ್ಡದಾದಷ್ಟೂ ಚಲನೆ ನಿಧಾನ. ಅವನ ಲೆಕ್ಕದಲ್ಲಿ ಸರಪಳಿಯ ಉದ್ದ ಎರಡರಷ್ಟಾದರೆ ತೊಡಕಿನಿಂದ ಬಿಡಿಸಿಕೊಳ್ಳಲು ಬೇಕಾದ ಕಾಲ ಎಂಟರಷ್ಟಾಗುತ್ತದೆ. 1991ರ ಭೌತವಿಜ್ಞಾನದ ನೊಬೆಲ್ ಅವನಿಗೆ ಸಂದಿತು. ಬೆಸುಗೆ ಬಲವಾಗಲು ಈ ಎಳೆಗಳು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಹತ್ತಾರು ನ್ಯಾನೋಮೀಟರು ದಾಟಿ ಆಚೆಯ ಎಳೆಗಳೊಂದಿಗೆ ತೊಡರಿಕೊಂಡರೆ ಸಾಕು, ದ್ರಾವಕ ಆರಿದ ಮೇಲೆ ಅಲ್ಲಿ ಎರಡು ಭಾಗಗಳ ನಡುವಿನ ಗೆರೆಯೇ ಇರುವುದಿಲ್ಲ.

ಆದ್ದರಿಂದ ದಪ್ಪವಾಗಿ ಹಚ್ಚಿ ಎಂಬ ಸಲಹೆ ಹಾನಿಕರ. ಮರುವರ್ಷ ಹೊಸ ಕಿಟ್ ತಂದು ನಳಿಗೆಯ ಎರಡು ಹೋಳುಗಳನ್ನು ಕೂಡಿಸುವಾಗ ಅಣ್ಣನ ಮಗಳಿಗೆ ಮಾಡಿಸಿದ್ದು ಇಷ್ಟು: ಹೋಳುಗಳನ್ನು ಒಣಗಿದ್ದಾಗಲೇ ಹೊಂದಿಸಿ ಹಿಡಿದು, ತೆಳುವಾದ ಸಿಮೆಂಟಿನಲ್ಲಿ ಅದ್ದಿದ ಕುಂಚದ ತುದಿಯನ್ನು ಸಂದಿಗೆ ತಾಗಿಸಬೇಕು. ದ್ರವ ತಾನಾಗಿಯೇ ಸಂದಿಯುದ್ದಕ್ಕೂ ಓಡುತ್ತದೆ. ಕೆಲವು ಕ್ಷಣ ಬಿಟ್ಟು ಮೆಲ್ಲಗೆ ಒತ್ತಿದರೆ ಮೆತ್ತಗಾದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಉಬ್ಬಿ ಹೊರಬರುತ್ತದೆ. ಒಂದು ಇಡೀ ದಿನ ಮುಟ್ಟದೆ ಬಿಟ್ಟು ಆ ಉಬ್ಬನ್ನು ಉಪ್ಪುಕಾಗದದಿಂದ ಉಜ್ಜಿದಾಗ ನಳಿಗೆ ಒಂದೇ ತುಂಡಾಗಿರುತ್ತದೆ. ಹೆಚ್ಚು ಸುರಿದರೆ ಭಾಗವೇ ಸೊಟ್ಟಗಾಗುತ್ತದೆ. ತಕ್ಷಣ ಅಂಟುವ ಸಯನೋಅಕ್ರಿಲೇಟ್ ಗೋಂದಿನ ರೀತಿ ಬೇರೆ: ಅದು ಗಾಳಿಯ ತೇವಕ್ಕೆ ತಾನೇ ಗಟ್ಟಿಯಾಗಿ ನಡುವೆ ಬಿರುಸಾದ ಪದರವಾಗುತ್ತದೆ, ಕಿಟ್ಟಿನಲ್ಲಿ ಬರುವ ಲೋಹದ ತಗಡುಗಳಿಗೆ ಅದು ಬೇಕು. ದ್ರಾವಕದ ಕೆಲಸವನ್ನು ಕಿಟಕಿ ತೆರೆದಿಟ್ಟು, ದೇವರ ದೀಪದಿಂದ ದೂರ ಕುಳಿತು ಮಾಡಬೇಕು. ಆ ಆವಿ ತಲೆನೋವನ್ನೂ ತರುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ.

ನಿಜವಾದ ಟ್ಯಾಂಕಿನ ಇತಿಹಾಸವೂ ಬರೀ ಜೋಡಣೆಯಿಂದ ಬೆಸುಗೆಗೆ ಸಾಗಿದ ಇತಿಹಾಸವೇ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಮೊದಲು ಕಾಣಿಸಿಕೊಂಡ ಟ್ಯಾಂಕುಗಳ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ್ದರು. ಗುಂಡು ಬಡಿದಾಗ ರಿವೆಟ್ಟಿನ ತಲೆ ಕಳಚಿ ಒಳಗಿದ್ದವರ ಮೇಲೆಯೇ ಚಿಮ್ಮುವ ಅಪಾಯವಿತ್ತು. ಸೇತುವೆಗಳ ಎಂಜಿನಿಯರಾಗಿದ್ದ ಯೆವ್ಗೆನಿ ಪಾಟನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ರಷ್ಯಾದ ನಿಜ್ನಿ ತಗಿಲ್ ನಗರದ ಕಾರ್ಖಾನೆಯಲ್ಲಿ ಯಂತ್ರವೇ ಬೆಸುಗೆ ಹಾಕುವ ವಿಧಾನವನ್ನು ಸೋವಿಯತ್ ಸೇನೆಯ ಟಿ-34 ಟ್ಯಾಂಕಿಗೆ ಅಳವಡಿಸಿದ. ಟಿ-55 ಅದೇ ವಂಶದ್ದು: ಒಡಲು ಬೆಸೆದ ಉಕ್ಕಿನ ಹಲಗೆಗಳದು, ತಿರುಗುವ ಗೋಪುರ ಎರಕದ್ದು. ಎರಕದ ಗೋಪುರದ ಮೈ ಒರಟಾಗಿರುತ್ತದೆ, ಆದರೆ ಪ್ಲಾಸ್ಟಿಕ್ಕಿನದು ಅನೇಕ ಸಲ ನುಣುಪಾಗಿ ಬರುತ್ತದೆ. ಅದಕ್ಕೆ ಪರಿಹಾರವೂ ಅದೇ ಸಿಮೆಂಟು. ಗೋಪುರಕ್ಕೆ ತೆಳುವಾಗಿ ಸವರಿ, ಮೆತ್ತಗಾದ ಮೈಯನ್ನು ಗಡುಸು ಕುಂಚದಿಂದ ಕುಟ್ಟುತ್ತ ಹೋದರೆ ಎರಕದ ಒರಟು ಮೂಡುತ್ತದೆ. ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಕಡ್ಡಿಯನ್ನು ಬಿಸಿ ಮಾಡಿ ದಾರದಂತೆ ಎಳೆದು, ಮೂಲೆಗಿಟ್ಟು, ಸಿಮೆಂಟಿನಿಂದ ಮೆದುಗೊಳಿಸಿ ಚಾಕುವಿನ ತುದಿಯಿಂದ ಒತ್ತಿದರೆ ಬೆಸುಗೆಯ ಏಣು ಸಿದ್ಧ. ಉಕ್ಕಿನ ಬೆಸುಗೆಯ ಚಿತ್ರವನ್ನು ಪ್ಲಾಸ್ಟಿಕ್ಕಿನ ಬೆಸುಗೆಯಿಂದಲೇ ಬರೆದಂತೆ.

ಟಿ-55ರಲ್ಲಿ ಇನ್ನೊಂದು ಚೆಲುವಿದೆ. ಅದಕ್ಕೆ ಗಾಲಿಗಳನ್ನು ಸುತ್ತುವ ಸರಪಳಿಪಟ್ಟಿಯ ಮೇಲ್ಭಾಗವನ್ನು ಎತ್ತಿಹಿಡಿಯುವ ಚಿಕ್ಕ ಉರುಳೆಗಳಿಲ್ಲ. ಉಕ್ಕಿನ ಸರಪಳಿಪಟ್ಟಿ ತನ್ನ ಭಾರಕ್ಕೆ ತಾನೇ ಜೋತು, ಬದಿಗೆ ಐದರಂತೆ ಇರುವ ದೊಡ್ಡ ಗಾಲಿಗಳ ಮೇಲೆ ಮಲಗಿರುತ್ತದೆ. ಹಗುರ ಪ್ಲಾಸ್ಟಿಕ್ಕಿಗೆ ಆ ಭಾರವಿಲ್ಲ. ಬಿಡಿ ಕೊಂಡಿಗಳನ್ನು ಸಿಮೆಂಟಿನಿಂದ ಜೋಡಿಸಿ, ಎಳೆಗಳು ಇನ್ನೂ ಹೆಪ್ಪುಗಟ್ಟದ ಅರ್ಧ ಗಂಟೆಯೊಳಗೆ ಪಟ್ಟಿಯನ್ನು ಗಾಲಿಗಳ ಮೇಲೆ ಹೊದಿಸಿ, ಹತ್ತಿಯಿಂದ ಒತ್ತಿಟ್ಟರೆ ಬೆಳಗಾಗುವಷ್ಟರಲ್ಲಿ ಆ ಜೋಲು ಶಾಶ್ವತವಾಗುತ್ತದೆ.

ಬಣ್ಣ ಹಚ್ಚುವಾಗಲೂ ಪ್ರಶ್ನೆ ಅದೇ: ಯಾವುದು ಯಾವುದನ್ನು ಕರಗಿಸುತ್ತದೆ? ಮೊದಲ ಪದರವಾಗಿ ಹಚ್ಚುವ ಲ್ಯಾಕರ್ ಪ್ರೈಮರಿನ ದ್ರಾವಕ ಪ್ಲಾಸ್ಟಿಕ್ಕನ್ನು ತುಸುವೇ ಕಚ್ಚಿ ಹಿಡಿಯುತ್ತದೆ. ಅದರ ಮೇಲೆ ಅಕ್ರಿಲಿಕ್ ಹಸಿರು. ಅದು ಒಣಗಿದ ಮೇಲೆ ಹೊಳಪು ವಾರ್ನಿಷ್, ಅದರ ಮೇಲೆ ನೀರಿನಲ್ಲಿ ನೆನೆಸಿ ಜಾರಿಸುವ ಗುರುತುಚಿತ್ರಗಳು. ಅವುಗಳ ತೆಳುಪೊರೆ ಏರುತಗ್ಗುಗಳಿಗೆ ಒಗ್ಗಲು ಹಚ್ಚುವ ದ್ರವವೂ ಒಂದು ಮೃದು ದ್ರಾವಕವೇ. ಕೊನೆಗೆ ಕಂದು ಎನಾಮೆಲನ್ನು ವೈಟ್ ಸ್ಪಿರಿಟ್‌ನಲ್ಲಿ ತೆಳು ಮಾಡಿ ಮೂಲೆಗೆ ತಾಗಿಸಿದರೆ ಸಂದಿಗಳುದ್ದಕ್ಕೂ ಹರಿದು ನೆರಳಿನಂತೆ ನಿಲ್ಲುತ್ತದೆ. ವೈಟ್ ಸ್ಪಿರಿಟ್ ಒಣಗಿದ ಅಕ್ರಿಲಿಕ್ಕನ್ನು ಕರಗಿಸದು, ಆದ್ದರಿಂದ ಹೆಚ್ಚಾದದ್ದನ್ನು ಧೈರ್ಯವಾಗಿ ಒರೆಸಬಹುದು. ಆದರೆ ಅದನ್ನು ಗಾಲಿಯ ಅಚ್ಚುಗಳ ಮೇಲೆ ಧಾರಾಳವಾಗಿ ಸುರಿಯಬಾರದು. ಬಿಗಿಯಾಗಿ ತೂರಿಸಿದ ಅಚ್ಚಿನಲ್ಲಿ ಎಳೆಗಳು ಮೊದಲೇ ಜಗ್ಗಿ ನಿಂತಿರುತ್ತವೆ. ದ್ರವ ಕಣ್ಣಿಗೆ ಕಾಣದ ಬಿರುಕಿಗೆ ಇಳಿದು ಹಿಡಿತ ಸಡಿಲಿಸಿದರೆ ಅಚ್ಚು ಟಕ್ಕೆಂದು ಮುರಿಯುತ್ತದೆ.

ಈ ವರ್ಷ ಗೊಂಬೆ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸುವಾಗ ನಾನು ಹುಡುಗನಾಗಿದ್ದಾಗ ಕಟ್ಟಿದ ಟ್ಯಾಂಕೊಂದು ಸಿಕ್ಕಿತು. ಅದರ ಪಟ್ಟಿಗಳು ರಬ್ಬರಿನಂತೆ ಬಾಗುವ ವಿನೈಲಿನವು. ಅಣ್ಣನ ಮಗಳು ಪಟ್ಟಿಯನ್ನು ಬಿಡಿಸಲು ನೋಡಿದಳು. ಅದು ಗಾಲಿಗಳ ಮೈಯೊಳಕ್ಕೆ ಇಳಿದು ಕೂತಿತ್ತು. "ಚಿಕ್ಕಪ್ಪ, ಇದನ್ನು ಯಾಕೆ ಅಂಟಿಸಿದ್ದೀರಿ?" ಎಂದಳು. ನಾನು ಅಂಟಿಸಿರಲಿಲ್ಲ. ವಿನೈಲನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಹೊರಬಂದು, ತಾಗಿದ ಕಡೆಯಲ್ಲೆಲ್ಲ ಪಾಲಿಸ್ಟೈರೀನಿನ ಎಳೆಗಳನ್ನು ಸಡಿಲಿಸಿ, ಮುಚ್ಚಿದ ಪೆಟ್ಟಿಗೆಯೊಳಗೆ ತಾನೇ ಬೆಸುಗೆ ಹಾಕಿತ್ತು.