ಕಾರ್ಡ್ ತಪ್ಪಿದರೂ ಬಲಗೈ ನಿಲ್ಲದಿರಲಿ

ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಲು ಎಡಗೈ ಬೆರಳುಗಳಿಂದ ತಂತಿ ಒತ್ತುವ ಹಿಡಿತ) ಬದಲಿಸುವಷ್ಟು ಬೇಗ ಬೆರಳು ಓಡುವುದಿಲ್ಲ ಎಂಬುದು ಗಿಟಾರ್ ಕಲಿಯಲು ಬರುವ ಹೊಸಬರ, ಅದರಲ್ಲೂ ಆಫೀಸು ಮುಗಿಸಿ ಬೆಂಗಳೂರಿನ ಟ್ರಾಫಿಕ್‌ ದಾಟಿ ಸಂಜೆಯ ತರಗತಿಗೆ ಬರುವ ಹಿರಿಯರ, ಸಾಮಾನ್ಯ ದೂರು. ಆದರೆ ನಿಮಿಷಕ್ಕೆ 80 ಬಡಿತಗಳ ಹಾಡಿನಲ್ಲಿ ನಾಲ್ಕು ಬಡಿತಕ್ಕೊಂದರಂತೆ ಕಾರ್ಡ್ ಬಂದರೆ ನಿಮಿಷಕ್ಕೆ ಬೇಕಾಗುವುದು 20 ಬದಲಾವಣೆ ಮಾತ್ರ. ತಂತಿ ಮೀಟದೆ ಬರೀ ಎಡಗೈಯಿಂದ ಮಾಡಿಸಿದರೆ ಕೆಲವು ವಾರ ಕಲಿತವರೂ ಇಷ್ಟನ್ನು ಮಾಡಿ ತೋರಿಸುತ್ತಾರೆ. ಹಾಡು ಮುಗ್ಗರಿಸುವುದು ಎಡಗೈ ಜಾಗ ಹುಡುಕುವವರೆಗೆ ಬಲಗೈ ಕಾಯುತ್ತ ನಿಂತುಬಿಡುವುದರಿಂದ.

ಎಡಗೈಯ ಅಭ್ಯಾಸದಲ್ಲಿ ಮೊದಲು ನೋಡಬೇಕಾದದ್ದು ಯಾವ ಬೆರಳನ್ನು ಎತ್ತುವ ಅಗತ್ಯವೇ ಇಲ್ಲ ಎಂಬುದನ್ನು. ಸಿ ಕಾರ್ಡಿನಿಂದ ಎ ಮೈನರ್‌ಗೆ ಹೋಗುವಾಗ (ತಂತಿಗಳನ್ನು ತೆಳ್ಳಗಿನದರಿಂದ, ಫ್ರೆಟ್ ಎಂಬ ಅಡ್ಡಪಟ್ಟಿಗಳ ಮನೆಗಳನ್ನು ಗಿಟಾರಿನ ತಲೆಯ ಕಡೆಯಿಂದ ಎಣಿಸಬೇಕು) ಎರಡನೆಯ ತಂತಿಯ ಮೊದಲ ಫ್ರೆಟ್‌ನಲ್ಲಿರುವ ತೋರುಬೆರಳೂ ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್‌ನಲ್ಲಿರುವ ನಡುಬೆರಳೂ ಇದ್ದಲ್ಲೇ ಇರುತ್ತವೆ. ಉಂಗುರಬೆರಳು ಮಾತ್ರ ಐದನೆಯ ತಂತಿಯಿಂದ ಮೂರನೆಯ ತಂತಿಯ ಎರಡನೆಯ ಫ್ರೆಟ್‌ಗೆ ಬರುತ್ತದೆ. ಹೀಗಿದ್ದರೂ ಬಹುಪಾಲು ವಿದ್ಯಾರ್ಥಿಗಳು ಮೂರನ್ನೂ ಎತ್ತಿ, ಮತ್ತೆ ಒಂದೊಂದಾಗಿ ಇಳಿಸುತ್ತಾರೆ. ಜಿ ಕಾರ್ಡನ್ನು ನಾಲ್ಕು ಬೆರಳುಗಳಿಂದ ಹಿಡಿದು ಎರಡನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಉಂಗುರಬೆರಳನ್ನು ಇಟ್ಟುಕೊಂಡರೆ, ಡಿ ಕಾರ್ಡಿಗೆ ಹೋಗುವಾಗ ಅದೂ ಕದಲಬೇಕಿಲ್ಲ. (ಮೊದಲ ಫ್ರೆಟ್ ಒತ್ತುವುದೇ ಹಿಂಸೆಯಾಗುತ್ತಿದ್ದರೆ ಬೆರಳನ್ನು ದೂರದೆ, ವಾದ್ಯ ರಿಪೇರಿ ಮಾಡುವವರಿಂದ ತಂತಿಗಳ ಎತ್ತರವನ್ನು ತಗ್ಗಿಸಿಕೊಳ್ಳುವುದು ಒಳ್ಳೆಯದು.)

ಇನ್ನು ಸ್ಟ್ರಮ್ಮಿಂಗ್, ಅಂದರೆ ಬಲಗೈಯಿಂದ ತಂತಿಗಳನ್ನು ಒಟ್ಟಿಗೆ ಕೆಳಕ್ಕೂ (ಡೌನ್) ಮೇಲಕ್ಕೂ (ಅಪ್) ಮೀಟುವುದು. ಹೊಸಬರಿಗೆ ಮೊದಲು ಹೇಳಿಕೊಡುವ ‘ಡೌನ್, ಡೌನ್-ಅಪ್, ಅಪ್-ಡೌನ್-ಅಪ್’ ಎಂಬುದನ್ನು ಎಂಟು ಎಣಿಕೆಗೆ ಹರಡಿದರೆ ಒಂದು, ಮೂರು, ನಾಲ್ಕು, ಆರು, ಏಳು, ಎಂಟರಲ್ಲಿ ತಂತಿ ನುಡಿಯುತ್ತದೆ. ಎರಡರಲ್ಲೂ ಐದರಲ್ಲೂ ನುಡಿಯುವುದಿಲ್ಲ. ಕೈ ಮಾತ್ರ ಎರಡಕ್ಕೆ ಮೇಲೇರಲೇಬೇಕು, ಐದಕ್ಕೆ ಕೆಳಗಿಳಿಯಲೇಬೇಕು, ತಂತಿಯನ್ನು ಮುಟ್ಟದೆ. ಕರ್ನಾಟಕ ಸಂಗೀತದ ಪಾಠವಾದ ಮಕ್ಕಳಿಗೆ ಇದನ್ನು ವಿವರಿಸುವ ಕೆಲಸವೇ ಇಲ್ಲ, ಏಕೆಂದರೆ ತಾಳದ ಹುಸಿಯಲ್ಲಿ, ಅಂದರೆ ಬಡಿಯದೆ ಹಾಕುವ ಎಣಿಕೆಯಲ್ಲಿ, ಸದ್ದಿಲ್ಲದಿದ್ದರೂ ಕೈ ತಿರುಗುತ್ತದೆ ಎಂಬುದು ಅವರಿಗೆ ರೂಢಿಯಾಗಿರುತ್ತದೆ. ಉಳಿದವರು ಐದನೆಯ ಎಣಿಕೆಯಲ್ಲಿ ಕೈ ತಡೆದು, ಆರನೆಯದನ್ನು ಕೆಳಮುಖವಾಗಿ ಬಾರಿಸಿ, ಅಲ್ಲಿಂದಾಚೆ ದಿಕ್ಕು ತಪ್ಪುತ್ತಾರೆ.

ಕಾರ್ಡ್ ಬದಲಿಸಲು ಬಿಡುವು ಸಿಗುವುದೂ ಇದೇ ಎಂಟರೊಳಗೆ. ಎಂಟನೆಯ ಮೇಲ್ಮುಖ ಹೊಡೆತ ಬೀಳುವ ಹೊತ್ತಿಗೆ ಎಡಗೈ ಹಳೆಯ ಕಾರ್ಡನ್ನು ಬಿಟ್ಟು ಹೊರಟಿರಬಹುದು. ಆಗ ಕೆಲವು ಖಾಲಿ ತಂತಿಗಳು ನುಡಿಯುತ್ತವೆ, ನುಡಿಯಲಿ. ನುರಿತವರ ವಾದನದಲ್ಲೂ ಇದು ನಡೆದೇ ಇರುತ್ತದೆ, ಕೇಳುವವರ ಗಮನಕ್ಕೆ ಬರುವುದಿಲ್ಲ. ಸಮನಾಗಿ ಬಡಿತ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಮೊದಲು ಬಡಿತಕ್ಕೊಂದು ಕೆಳಮುಖ ಹೊಡೆತದಂತೆ ನುಡಿಸುತ್ತ, ಹೊಸ ಕಾರ್ಡಿನ ಒಂದೇ ಬೆರಳು ಕೂತಿದ್ದರೂ ಮುಂದಿನ ಒಂದನೆಯ ಬಡಿತವನ್ನು ಬಾರಿಸಿಯೇ ತೀರಬೇಕೆಂಬುದು ನನ್ನ ತರಗತಿಯ ಕಟ್ಟಳೆ.

ಈ ಎಂಟರ ಲೆಕ್ಕ ಎಲ್ಲ ಹಾಡಿಗೂ ಒಗ್ಗುವುದಿಲ್ಲ. ನಮ್ಮ ಭಾವಗೀತೆಗಳಲ್ಲಿ ಮೂರರ, ಆರರ ನಡೆಯವು ಸಾಕಷ್ಟಿವೆ. ಅಂಥವಕ್ಕೆ ಎಂಟನ್ನು ಹೇರಿದರೆ ಎರಡನೆಯ ಸಾಲಿನೊಳಗೇ ಹಾಡು ಒಂದು ಕಡೆ, ಗಿಟಾರ್ ಇನ್ನೊಂದು ಕಡೆಯಾಗುತ್ತದೆ. ಆರರ ನಡೆಯ ಹಾಡಿಗೆ ಆರಂಭದಲ್ಲಿ ಆರೂ ಹೊಡೆತಗಳನ್ನು ಕೆಳಮುಖವಾಗಿಯೇ ಹೊಡೆದು, ಒಂದನೆಯದನ್ನೂ ನಾಲ್ಕನೆಯದನ್ನೂ ತುಸು ಗಟ್ಟಿಯಾಗಿ ನುಡಿಸಿದರೆ ಸಾಕು.