ಎರಕ ಯಾವುದು, ಅಚ್ಚು ಯಾವುದು

ಮೈಮೇಲೆ ಪ್ಲಾಸ್ಟರ್ ಬಟ್ಟೆ ಸುತ್ತಿ ಮಾಡಿದ ಶಿಲ್ಪದ ಫೋಟೋ ಕೆಳಗೆ ಮತ್ತೆ 'ಜೀವಂತ ಎರಕ' ಅಂತ ಬರೆದಿದ್ದು ನೋಡಿದೆ. ಎಷ್ಟನೇ ಸಲವೋ! ಜೀವ ಇದ್ದದ್ದು ಒಳಗೆ ಅಲ್ಲಾಡದೆ ಕೂತಿದ್ದ ರೂಪದರ್ಶಿಗೆ, ಶಿಲ್ಪಕ್ಕಲ್ಲ. ಅದನ್ನಾದರೂ ಬಿಡೋಣ, ಇಲ್ಲಿ 'ಎರಕ' ಅನ್ನುವುದೇ ತಪ್ಪು.

ಎರಕ ಬಂದದ್ದು 'ಎರೆ'ಯಿಂದ. ಎರೆ ಅಂದರೆ ಹೊಯ್ಯು, ಸುರಿ. ಗಿಡಕ್ಕೆ ನೀರೆರೆಯುತ್ತೇವಲ್ಲ, ಅದೇ ಎರೆ. ಲೋಹ ಕರಗಿಸಿ ಹೊಯ್ದರೆ ಎರಕ, ಪ್ಲಾಸ್ಟರ್ ಕಲಸಿ ಹೊಯ್ದರೂ ಎರಕವೇ. ಆದರೆ ಹೊಯ್ದದ್ದು ಹೋಗಿ ಕೂರಲು ಒಂದು ಟೊಳ್ಳು ಬೇಕು, ಅಲ್ವಾ? ಆ ಟೊಳ್ಳನ್ನು ಹಿಡಿದ ಚಿಪ್ಪೇ ಅಚ್ಚು. ಅದರೊಳಗೆ ಎಲ್ಲವೂ ತಿರುವುಮುರುವು, ಮೂಗು ಇರಬೇಕಾದಲ್ಲಿ ಗುಳಿ. ಅದರಿಂದ ಹೊರಬರುವುದು ಪಡಿಯಚ್ಚು. ಇಷ್ಟು ಚೆಂದದ ಪದಗಳು ಕೈಯಲ್ಲಿರುವಾಗ ಎಲ್ಲಕ್ಕೂ ಸುಮ್ನೆ 'ಎರಕ' ಅಂತ ಅಂಟಿಸುವುದು ಯಾಕೆ?

ಅಮೆರಿಕದ ಶಿಲ್ಪಿ ಜಾರ್ಜ್ ಸೀಗಲ್ ಅವರನ್ನೇ ನೋಡಿ. 1961ರಲ್ಲಿ ಅವರು ಮೂಳೆ ಮುರಿದಾಗ ಕಟ್ಟುವ ಪ್ಲಾಸ್ಟರ್ ಬ್ಯಾಂಡೇಜನ್ನು ಶಿಲ್ಪಕ್ಕೆ ತಂದರು, ಮೊದಲ ರೂಪದರ್ಶಿ ಅವರೇ. ಒದ್ದೆ ಪಟ್ಟಿಗಳನ್ನು ಬಟ್ಟೆ ತೊಟ್ಟ ಮೈಮೇಲೆ ಹಾಸಿ, ಗಟ್ಟಿಯಾದ ಮೇಲೆ ತುಂಡು ತುಂಡಾಗಿ ಬಿಡಿಸಿ, ಮತ್ತೆ ಜೋಡಿಸಿದರೆ ಒಂದು ಬಿಳಿ ಮನುಷ್ಯಾಕೃತಿ. ನೀರು ಕುಡಿದ ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪ ಜಾಸ್ತಿಯಾದರೆ ಚರ್ಮ ಸುಡಬಹುದು. ಕೂದಲಿಗೆ ವ್ಯಾಸಲೀನ್ ಹಚ್ಚದಿದ್ದರೆ ಬಿಡಿಸುವಾಗ ಕಿತ್ತೇ ಬರುತ್ತದೆ.

ಇಲ್ಲಿ ಹೊಯ್ದದ್ದು ಏನು? ಏನೂ ಇಲ್ಲ! ನಾವು ನೋಡುವುದು ಚಿಪ್ಪಿನ ಹೊರಮೈ, ಅಂದರೆ ಅಚ್ಚೇ ಶಿಲ್ಪ. ಅದಕ್ಕೇ ಆ ಮುಖಗಳು ಅಷ್ಟು ಮಸುಕು, ದೂರ ಹೋದವರಂತೆ. ನನಗೆ ಅವೇ ಹೆಚ್ಚು ಇಷ್ಟ. 1970ರ ದಶಕದಲ್ಲಿ ಸೀಗಲ್ ಅದೇ ಚಿಪ್ಪಿನೊಳಗೆ ಪ್ಲಾಸ್ಟರ್ ಹೊಯ್ದು ಒಳಮೈಯ ಪಡಿಯಚ್ಚು ತೆಗೆಯತೊಡಗಿದರು. ಆಗ ಮುಖದ ಗೆರೆಗಳು ಸ್ಪಷ್ಟವಾದವು. ಅವನ್ನು ಧಾರಾಳವಾಗಿ ಎರಕ ಅನ್ನಿ.

ರಾಳದಲ್ಲಿ ಅದ್ದಿದ ಬಟ್ಟೆಯನ್ನು ಆಕೃತಿಯ ಮೇಲೆ ಇಳಿಬಿಟ್ಟು, ಗಟ್ಟಿಯಾದ ಮೇಲೆ ಒಳಗಿನದನ್ನು ತೆಗೆದರೆ ಉಳಿಯುವುದು ಬರೀ ಮಡಿಕೆಗಳು. ಅದು ಹೊದಿಕೆ. ಪೋಲೆಂಡಿನ ಶಿಲ್ಪಿ ಮಗ್ದಲೇನಾ ಅಬಕನೋವಿಚ್ ಅವರ 'ಎಂಬತ್ತು ಬೆನ್ನುಗಳು' (1976–80) ಇನ್ನೊಂದು ಬಗೆ. ಅಲ್ಲಿ ರಾಳ ಹೀರಿದ ಗೋಣಿ ಬಟ್ಟೆಯನ್ನು ಬೆನ್ನಿನ ಪ್ಲಾಸ್ಟರ್ ಅಚ್ಚಿಗೆ ಒತ್ತಿದ್ದಾರೆ. ಹೊಯ್ದಿಲ್ಲ, ಒತ್ತಿದ್ದಾರೆ. ಅದಕ್ಕೆ 'ಅಚ್ಚೊತ್ತು' ಎಂಬ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ.